ಬಿಯರ್‌ಗೆ ಯಾವ ಥರ್ಮಾಮೀಟರ್?

ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಬಿ.ಪಿ., ಶುಗರ್, ಮಂಡಿನೋವು ಇವುಗಳದ್ದೇ. ಈ ಸಲ ನಮ್ಮ ಸಂಘದ ಸದಸ್ಯರೊಬ್ಬರು ಕೇಳಿದ್ದಾರೆ: "ಡಾಕ್ಟ್ರೇ, ಮನೆಯಲ್ಲೇ ಬಿಯರ್ ಮಾಡೋಕೆ ಶುರು ಮಾಡಿದ್ದೀನಿ. ಊರಿಂದ ತಂದ ಜ್ವರದ ಥರ್ಮಾಮೀಟರ್ ಸಾಕಾ?" ಕಾನೂನಿನ ಹೆದರಿಕೆ ಬೇಡ. ಸ್ವಂತ ಬಳಕೆಗೆ ಬಿಯರ್ ತಯಾರಿಸಲು ಅಮೆರಿಕದ ಕೇಂದ್ರ ಸರ್ಕಾರ 1978ರಲ್ಲೇ ಅನುಮತಿ ಕೊಟ್ಟಿತು. ಕೊನೆಗೆ ಉಳಿದಿದ್ದ ಅಲಬಾಮಾ, ಮಿಸಿಸಿಪ್ಪಿಗಳೂ 2013ರಲ್ಲಿ ಒಪ್ಪಿಕೊಂಡವು. ಎಷ್ಟು ಕುಡಿಯಬೇಕು ಅನ್ನುವುದರಲ್ಲಿ ನಾನು ಲಿವರ್‌ನ ಪರ, ಅದು ಬೇರೆ ಮಾತು.

ಜ್ವರದ ಥರ್ಮಾಮೀಟರ್ ಖಂಡಿತ ಬೇಡ. ಅದರ ಅಳತೆ ಸುಮಾರು 108 ಡಿಗ್ರಿ ಫ್ಯಾರನ್‌ಹೀಟ್‌ಗೆ ಮುಗಿಯುತ್ತದೆ. ಬಾರ್ಲಿ ಮಾಲ್ಟ್ ನೆನೆಸುವ ಬಿಸಿನೀರು ಇರುವುದು 150ರ ಆಸುಪಾಸು. ಹಳೆಯ ಪಾದರಸದ ಗಾಜಿನ ಕಡ್ಡಿಯನ್ನು ಅದರಲ್ಲಿ ಅದ್ದಿದರೆ ಒಡೆದೇ ಹೋಗಬಹುದು. ಪಾದರಸ ಹೊಟ್ಟೆಗೆ ಹೋದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಅಪಾಯವಿರುವುದು ಅದರ ಆವಿಯಲ್ಲಿ. ಒಲೆಯ ಬಿಸಿಗೆ ಆವಿಯಾಗಿ ಉಸಿರಿನ ಮೂಲಕ ಒಳಸೇರಿದರೆ ಶ್ವಾಸಕೋಶ, ಮೆದುಳು, ಮೂತ್ರಪಿಂಡಗಳಿಗೆ ಪೆಟ್ಟು. 2020ರ ಕೋವಿಡ್ ಕಾಲದಲ್ಲಿ ಎಲ್ಲರೂ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರೂ ಇಲ್ಲಿ ದಂಡ. ಅದು ನೋಡುವುದು ಮೇಲ್ಮೈಯನ್ನು ಮಾತ್ರ, ಅದೂ ಚರ್ಮದ ಲೆಕ್ಕದಲ್ಲಿ. ಹೊಳೆಯುವ ಸ್ಟೀಲ್ ಪಾತ್ರೆ, ಹಬೆ ಎರಡೂ ಅದಕ್ಕೆ ಮೋಸ ಮಾಡುತ್ತವೆ.

ಇಷ್ಟೊಂದು ಕರಾರುವಾಕ್ಕು ಯಾಕೆ ಅಂತೀರಾ? ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ದಾಯಾದಿಗಳು ಮೊಳಕೆಯೊಡೆದ ಧಾನ್ಯದಲ್ಲೂ ಇವೆ. ಮೊಳಕೆ ರಾಗಿಯ ಗಂಜಿ ಬೇಗ ನೀರಾಗುವುದು ಇವುಗಳಿಂದಲೇ. ಬಾರ್ಲಿಯ ಪಿಷ್ಟವನ್ನು ಸಕ್ಕರೆ ಮಾಡುವುದೂ ಇವೇ. 148 ಡಿಗ್ರಿಯ ಹತ್ತಿರ ಇಟ್ಟರೆ ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು, ಬಿಯರ್ ತೆಳ್ಳಗೆ, ಸಿಹಿಯಿಲ್ಲದೆ ಬರುತ್ತದೆ. 156ಕ್ಕೆ ಏರಿದರೆ ಯೀಸ್ಟ್‌ಗೆ ದಕ್ಕದ ಅಂಶ ಉಳಿದು ದಪ್ಪಗಾಗುತ್ತದೆ. ಅಂದರೆ ನಿಮ್ಮ ಥರ್ಮಾಮೀಟರ್ ನಾಲ್ಕು ಡಿಗ್ರಿ ಸುಳ್ಳು ಹೇಳಿದರೆ ನೀವು ಮಾಡಹೊರಟ ಬಿಯರೇ ಬೇರೆ, ಆಗುವುದೇ ಬೇರೆ.

ನನ್ನ ಆಯ್ಕೆ ಸಣ್ಣ ಮೊನೆಯ, ಸ್ಟೀಲ್ ಕಡ್ಡಿಯ ಡಿಜಿಟಲ್. ಕೆಲವೇ ಸೆಕೆಂಡುಗಳಲ್ಲಿ ಲೆಕ್ಕ ಕೊಡುತ್ತದೆ. ವೈರ್ ಇರುವುದಾದರೆ ವೈರೂ ಕಡ್ಡಿಯೂ ಸೇರುವ ಜಾಗ ನೀರಿಗೆ ಇಳಿಯಬಾರದು, ತೇವ ಹೊಕ್ಕರೆ ಹುಚ್ಚುಹುಚ್ಚಾಗಿ ತೋರಿಸುತ್ತದೆ. ಮುಳ್ಳಿನ ಡಯಲ್ ಗಟ್ಟಿಮುಟ್ಟು, ಆದರೆ ನಿಧಾನ. ತುದಿಯಷ್ಟೇ ಅದ್ದಿದರೆ ಸಾಲದು, ಕಡ್ಡಿಯ ಕೆಳಭಾಗ ಒಂದೆರಡು ಅಂಗುಲವಾದರೂ ಮುಳುಗಬೇಕು.

ಯಾವುದನ್ನು ತಂದರೂ ಪರೀಕ್ಷಿಸದೆ ನಂಬಬೇಡಿ. ಪುಡಿ ಐಸಿಗೆ ಸ್ವಲ್ಪ ನೀರು ಹಾಕಿ ಕಲಕಿದರೆ 32 ತೋರಿಸಬೇಕು. ಕುದಿಯುವ ನೀರಿನಲ್ಲಿ 212, ಆದರೆ ಅದು ಸಮುದ್ರಮಟ್ಟದ ಮಾತು. ಡೆನ್ವರ್‌ನಲ್ಲಿರುವವರಿಗೆ ಸುಮಾರು 202ಕ್ಕೇ ನೀರು ಕುದಿಯುತ್ತದೆ. ಇನ್ನೊಂದು ಉಪಾಯವಿದೆ, ಇದು ಡಾಕ್ಟರ ಪಾಲಿನದು. ಜ್ವರ ನೋಡುವ ಒಳ್ಳೆಯ ಡಿಜಿಟಲ್ ಥರ್ಮಾಮೀಟರ್ ತನ್ನ ಚಿಕ್ಕ ವ್ಯಾಪ್ತಿಯಲ್ಲಿ ಬಹಳ ನಿಖರ. ಒಂದು ಲೋಟ ಬೆಚ್ಚಗಿನ ನೀರನ್ನು 100–102ಕ್ಕೆ ತಂದು, ಎರಡರ ಮೊನೆಯನ್ನೂ ಒಟ್ಟಿಗೆ ಅದ್ದಿ ಹೋಲಿಸಿ. ಮೂರೂ ಕಡೆ ತಾಳೆಯಾದರೆ 150ರಲ್ಲೂ ನೆಚ್ಚಬಹುದು. ಜ್ವರದ ಥರ್ಮಾಮೀಟರಿಗೆ ಈ ಕೆಲಸದಲ್ಲಿ ಇಷ್ಟೇ ಪಾತ್ರ.

ಯೀಸ್ಟ್ ಹಾಕುವಾಗ ಮಾತ್ರ ಅಮ್ಮಂದಿರ 'ಉಗುರುಬೆಚ್ಚಗೆ' ಲೆಕ್ಕ ಬೇಡ. ಮೊಸರಿನ ಹೆಪ್ಪಿಗೆ 105–110 ಹಿತ, ಏಲ್ ಯೀಸ್ಟ್‌ಗೆ ಬೇಕಾದದ್ದು 65–70, ಬೆರಳಿಗೆ ತಣ್ಣಗೇ ಅನ್ನಿಸುತ್ತದೆ. ಹುದುಗುವಾಗ ಅದೇ ತನ್ನಷ್ಟಕ್ಕೆ ಕೆಲವು ಡಿಗ್ರಿ ಕಾಯುತ್ತದೆ. ಆದ್ದರಿಂದ ಪಾತ್ರೆಯ ಹೊರಮೈಗೆ ಅಂಟಿಸುವ ಬಣ್ಣದ ಪಟ್ಟಿ ಥರ್ಮಾಮೀಟರ್ ಒಂದಿರಲಿ, ಬೆಲೆಯೂ ಕಡಿಮೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲು ಲೈಟ್ ಹಾಕಿದ ಓವನ್ನಿನೊಳಗೆ ಇಡುತ್ತೇವಲ್ಲ, ಬಿಯರನ್ನು ದಯವಿಟ್ಟು ಅಲ್ಲಿಡಬೇಡಿ.