ಮಾಘದ ಚಳಿಯೂ ನಮ್ಮ ಕನ್ನಡ ಶಾಲೆಯೂ



ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿದಂದಿನಿಂದ ಹೋಳಿ ಹುಣ್ಣಿಮೆಯವರೆಗಿನ ದಿನಗಳು ಮುಂಬಯಿಯ ಕನ್ನಡ ಪ್ರಾಥಮಿಕ ಶಾಲೆಗಳಿಗೆ ವರ್ಷದಲ್ಲೇ ಕಷ್ಟದ ದಿನಗಳು. ಜೂನ್ ತಿಂಗಳ ಹುರುಪು ಈಗ ಇರುವುದಿಲ್ಲ. ಏಪ್ರಿಲಿನ ಪರೀಕ್ಷೆ ಇನ್ನೂ ದೂರವಿದೆಯೆಂದು ಮನೆಯವರು ಸುಮ್ಮನಿರುತ್ತಾರೆ. ಮುಗಿಸಬೇಕಾದ ಪಾಠ ಬೆಟ್ಟದಷ್ಟಿದೆಯೆಂದು ಶಿಕ್ಷಕರು ಚಡಪಡಿಸುತ್ತಾರೆ. ಇವೆರಡರ ನಡುವೆ ಕೆಮ್ಮು, ನೆಗಡಿ, ಜ್ವರ, ಮತ್ತು ಖಾಲಿ ಬೆಂಚುಗಳು.

ಸಂಘಸಂಸ್ಥೆಗಳು ಜೂನಿನಲ್ಲಿ ನೋಟುಪುಸ್ತಕ ಹಂಚುತ್ತವೆ, ಫಲಿತಾಂಶ ಬಂದ ಮೇಲೆ ಬಹುಮಾನ ಕೊಡುತ್ತವೆ. ಒಳ್ಳೆಯ ಕೆಲಸವೇ, ನಡೆಯಲಿ. ಆದರೆ ಊಟಕ್ಕಿಲ್ಲದ ಉಪ್ಪಿನಕಾಯಿ ಎಷ್ಟು ರುಚಿಯಾಗಿದ್ದರೇನು? ಶಾಲೆಗೆ ಹಸಿವಾಗುವ ಹೊತ್ತು ಇದು. ಕೈ ಹಿಡಿಯಬೇಕಾದದ್ದೂ ಈಗಲೇ ಎಂಬುದು ನಮ್ಮ ಅಭಿಪ್ರಾಯ.

ಮುಂಬಯಿಗೆ ಚಳಿಯೇ ಎಲ್ಲಿದೆ ಎಂದು ನಗುವವರುಂಟು. ದಿಲ್ಲಿಯ ಚಳಿ ಇಲ್ಲಿಲ್ಲ, ನಿಜ. ಇಲ್ಲಿ ಕೇಡು ಮಾಡುವುದು ಬೆಳಗಿನ ಗಾಳಿ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಅಲ್ಲೇ ಕೂರುತ್ತದೆ. ವಾಹನಗಳ ಹೊಗೆಯೂ ಕಟ್ಟಡ ಕೆಲಸದ ದೂಳೂ ಮೇಲೇಳದೆ ಅದರಲ್ಲೇ ತೇಲುತ್ತವೆ. ಬಿಸಿಲು ಏರಿ ಗಾಳಿ ಬೀಸುವವರೆಗೂ ಇದೇ ಸ್ಥಿತಿ. ಬೆಳಗಿನ ಪಾಳಿಯ ಮಗು ಚೀಲ ಹೊತ್ತು ನಡೆಯುವುದು ಈ ಗಾಳಿಯಲ್ಲಿ. ಮಧ್ಯಾಹ್ನ ಅದೇ ಮಗು ಸುಡುಬಿಸಿಲಿನಲ್ಲಿ ಮನೆಗೆ ಬರುತ್ತದೆ. ದೂಳು ಎದೆಗೆ ಏನು ಮಾಡುತ್ತದೆಂಬುದನ್ನು ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿಯ ದೂಳು ಕುಡಿದು, ರಜೆ ಕಳೆದು ಸೋಮವಾರ ಖಾತೆಗೆ ಹೋದೊಡನೆ ಎದೆ ಬಿಗಿದುಕೊಳ್ಳುತ್ತಿದ್ದುದನ್ನು ಅವರು ಬಲ್ಲರು. ದೊಡ್ಡವರ ಎದೆಯೇ ತಡೆಯದ್ದನ್ನು ಆರು ವರ್ಷದ ಮಗುವಿನ ಎದೆ ತಡೆದೀತೇ?

ಈ ಮಾತು ಸರ್ಕಾರಕ್ಕೂ ತಿಳಿಯದ್ದಲ್ಲ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಆಜ್ಞೆ ಹೊರಡಿಸಿ, ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9 ಗಂಟೆಗೆ ಮೊದಲು ಆರಂಭವಾಗಬಾರದೆಂದು ಹೇಳಿತು. ಮಕ್ಕಳಿಗೆ ನಿದ್ದೆ ಸಾಲದು, ಚಳಿಯಲ್ಲೂ ಮಳೆಯಲ್ಲೂ ನಸುಕಿಗೆ ಎದ್ದು ಹೋಗುವವರು ಕಾಯಿಲೆ ಬೀಳುತ್ತಾರೆ ಎಂಬುದೇ ಕಾರಣ. ಆದರೆ ಒಂದೇ ಕಟ್ಟಡದಲ್ಲಿ ಎರಡು ಪಾಳಿ ನಡೆಸುವ ಶಾಲೆಗೆ ವೇಳೆ ಬದಲಿಸುವುದು ಸುಲಭವಲ್ಲ. ಅಡಚಣೆಯಿದ್ದ ಶಾಲೆಗಳಿಗೆ ವಿನಾಯಿತಿ ಕೊಡಲು ದಾರಿಯನ್ನೂ ಇಟ್ಟರು. ನಿಮ್ಮ ಮಗುವಿನ ಶಾಲೆ ಎಷ್ಟು ಗಂಟೆಗೆ ತೆರೆಯುತ್ತದೆ, ಬೇಗ ತೆರೆಯುವುದಾದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಮಕ್ಕಳ ಮಾತಾಯಿತು. ಶಾಲೆಯಲ್ಲಿ ದುಡಿಯುವವರ ಮಾತೇನು? ಶಿಕ್ಷಕರು, ಗೇಟು ಕಾಯುವ ಸಿಪಾಯಿ, ಕಸ ಗುಡಿಸುವವರು, ಖಿಚಡಿ ಬೇಯಿಸುವ ಹೆಂಗಸರು, ಇವರೆಲ್ಲ ನಮ್ಮಂತೆ ದುಡಿದು ತಿನ್ನುವವರೇ. ಮಗುವಿಗೆ ನೆಗಡಿಯಾದರೆ ಮೊದಲು ಹತ್ತುವುದು ಅವರಿಗೆ. ಒಬ್ಬ ಶಿಕ್ಷಕಿ ಮಲಗಿದರೆ ಅವರ ತರಗತಿಯೂ ಪಕ್ಕದವರ ಹೆಗಲಿಗೆ. ಹೊಟೇಲಿನಲ್ಲಿ ಒಬ್ಬ ಮಾಣಿ ರಜೆ ಹಾಕಿದರೆ ಉಳಿದವರ ಕಾಲು ಎಷ್ಟು ಸೋಲುತ್ತದೆಂದು ಬಲ್ಲ ನಮಗೆ ಇದು ಅರ್ಥವಾಗಬೇಕು.

ಇದರ ಮೇಲೆ ಸರ್ಕಾರದ ಬೇರೆ ಕೆಲಸ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಶಿಕ್ಷಕರನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಎಳೆಯಬಾರದೆನ್ನುತ್ತದೆ. ಆದರೆ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಈ ಮೂರನ್ನು ಹೊರಗಿಟ್ಟಿದೆ. 2011ರ ಜನಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಪಾಠದ ಬಿರುಸಿನ ದಿನಗಳಲ್ಲೇ. ಅದರ ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರಲ್ಲಿ ಪ್ರಕಟಿಸಿದರು. ಮನೆಮನೆಯ ಕದ ತಟ್ಟುವ ಮಾಸ್ತರರ ತರಗತಿಯನ್ನು ಆ ಹೊತ್ತು ಯಾರು ನೋಡುತ್ತಾರೆ?

‘ಇದೆಲ್ಲ ಸರ್ಕಾರದ ಕೆಲಸ, ನಮಗೇಕೆ?’ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ. ಮುಷ್ಕರದಲ್ಲಿ ಬೇಡಿಕೆಯನ್ನೂ ಕೂಗಬೇಕು, ಗಂಜಿಯನ್ನೂ ಬೇಯಿಸಬೇಕು. 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ಒಂದುಗೂಡಿಸಿದ ನಾರಾಯಣ ಮೇಘಾಜಿ ಲೋಖಂಡೆ ಮಾಲಿಕರ ಮುಂದೆ ಬೇಡಿಕೆ ಇಟ್ಟವರು. ಪ್ಲೇಗು ಬಂದಾಗ ರೋಗಿಗಳ ಸೇವೆಗೆ ನಿಂತು 1897ರ ಫೆಬ್ರುವರಿಯಲ್ಲಿ ಅದಕ್ಕೇ ಬಲಿಯಾದರು. ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಸಾವಿತ್ರಿಬಾಯಿ ಫುಲೆ ಅದೇ ವರ್ಷ ಮಾರ್ಚ್ 10ರಂದು, ಅದೇ ಪ್ಲೇಗಿನ ಸೇವೆಯಲ್ಲಿ ತೀರಿಕೊಂಡರು. ಒಬ್ಬರು ಕಾರ್ಮಿಕರ ಮುಂದಾಳು, ಒಬ್ಬರು ಶಿಕ್ಷಕಿ. ಸರ್ಕಾರ ಮಾಡಲೆಂದು ಇಬ್ಬರೂ ಕಾದು ಕೂರಲಿಲ್ಲ.

ಈಗ ಮಾಡಬೇಕಾದ ಕೆಲಸ ನಾಲ್ಕು.

ಒಂದನೆಯದು, ಬಿಸಿ. ಬೆಳಿಗ್ಗೆ ಐದಕ್ಕೇ ನಮ್ಮ ಹೊಟೇಲುಗಳ ಒಲೆ ಹೊತ್ತಿರುತ್ತದೆ. ಬರೀ ಚಹಾ ಕುಡಿದು ಬಂದ ಮಗುವಿಗೆ ಖಿಚಡಿ ಸಿಗುವುದು ಎಷ್ಟೋ ಹೊತ್ತಿನ ಮೇಲೆ. ಒಂದು ಲೋಟಕ್ಕೆ 150 ಮಿಲಿ ಲೀಟರ್ ಎಂದರೆ 60 ಮಕ್ಕಳಿಗೆ 9 ಲೀಟರ್ ರಾಗಿ ಗಂಜಿ ಸಾಕು. ಶಾಲೆಯ ಹತ್ತಿರದ ನಾಲ್ಕು ಹೊಟೇಲುಗಳ ಕೆಲಸಗಾರರು ಮಾಲಿಕರನ್ನು ಒಪ್ಪಿಸಿ ಸರದಿ ಹಾಕಿಕೊಂಡರೆ ಯಾರಿಗೂ ಭಾರವಾಗದು. ಆದರೆ ಮುಖ್ಯಾಧ್ಯಾಪಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ಕುಡಿದು ನೋಡಬೇಕು. ಅದೇ ಪಾತ್ರೆಯಿಂದ ಶಿಕ್ಷಕರಿಗೂ ಸಿಪಾಯಿಗೂ ಒಂದೊಂದು ಲೋಟ ಹೋಗಲಿ.

ಎರಡನೆಯದು, ಹಾಜರಿ. ಬಿಜಾಪುರ, ಕಲಬುರ್ಗಿ, ಯಾದಗಿರಿಯ ಕಡೆ ಇದು ಬಿಳಿಜೋಳದ ಸುಗ್ಗಿಯ ಕಾಲ, ಜಾತ್ರೆಯ ಕಾಲ. ತುಳುನಾಡಿನಲ್ಲಿ ಕೋಲ, ಯಕ್ಷಗಾನದ ಕಾಲ. ಊರಿನ ಸೆಳೆತ ಯಾರಿಗಿಲ್ಲ? ಆದರೂ ಮಗುವನ್ನು ಹದಿನೈದು ದಿನ ಬಿಡಿಸಿ ಕರೆದೊಯ್ದರೆ, ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ನಾಚಿಕೆಯಿಂದ ಮಗು ಶಾಲೆಯನ್ನೇ ಬಿಡುತ್ತದೆ. ಕಾಯಿದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಒಂದು ಹೆಸರು ಪಟ್ಟಿಯಿಂದ ಹೋದರೆ ಒಬ್ಬ ಶಿಕ್ಷಕರೇ ಹೋಗಬಹುದು. ಊರಿಗೆ ದೊಡ್ಡವರೊಬ್ಬರು ಹೋಗಿ ಬರಲಿ, ಮಕ್ಕಳು ಮೇ ರಜೆಗೆ ಹೋಗಲಿ. ಮನೆಯವರೆಲ್ಲ ಹೋಗಲೇಬೇಕಾದರೆ ಪಕ್ಕದ ಖೋಲಿಯವರು ಮಗುವನ್ನು ಇಟ್ಟುಕೊಳ್ಳಲಿ.

ಮೂರನೆಯದು, ಕಾಯಿಲೆ. ಜ್ವರ ಬಂದ ಮಗುವನ್ನು ಹಾಜರಿಯ ಆಸೆಗೆ ಶಾಲೆಗೆ ಕಳುಹಿಸಬೇಡಿ. ಸಿಡುಬಿಯಂಥ ಗುಳ್ಳೆ ಎದ್ದರೆ ಅವು ಒಣಗಿ ಹೊಪ್ಪಳಿಕೆ ಕಟ್ಟುವವರೆಗೆ ಮನೆಯಲ್ಲಿರಲಿ. 2022ರ ಚಳಿಗಾಲದಲ್ಲಿ ಗೋವಂಡಿಯ ಕಡೆ ದಡಾರ ಹಬ್ಬಿ ಮಕ್ಕಳು ಸತ್ತದ್ದನ್ನು ಈ ನಗರ ಕಂಡಿದೆ. ಅದರ ಲಸಿಕೆ ಎರಡು ಸಲ ಹಾಕಿಸಬೇಕು. ಪಾಲಿಕೆಯ ದವಾಖಾನೆಯಲ್ಲಿ ಅದಕ್ಕೆ ಹಣವಿಲ್ಲ.

ನಾಲ್ಕನೆಯದು, ಓದು. ಮಧ್ಯಾಹ್ನ ಊಟದ ಗಿರಾಕಿ ಇಳಿದ ಮೇಲೆ ನಮಗೆ ಒಂದೆರಡು ಗಂಟೆ ಬಿಡುವುಂಟು. ನಿವೃತ್ತರಾದ ಗಿರಣಿಯ ಹಿರಿಯರಿಗೆ ಇನ್ನೂ ಹೆಚ್ಚು. ಪಾಠ ಹೇಳಬೇಕಾಗಿಲ್ಲ. ಚಾಳಿನ ಪಡಸಾಲೆಯಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಅವರು ಕನ್ನಡ ಪುಸ್ತಕ ಗಟ್ಟಿಯಾಗಿ ಓದುವುದನ್ನು ಕೇಳಿದರೆ ಸಾಕು. ಶಿಕ್ಷಕರ ಅರ್ಧ ಭಾರ ಇಳಿಯುತ್ತದೆ.

ಇವೆಲ್ಲವನ್ನೂ ಹಿಡಿದು ನಡೆಸಲು ಹೊಸ ಸಮಿತಿ ಬೇಡ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಅದು ನಮ್ಮದೇ ಯೂನಿಯನ್ ಇದ್ದ ಹಾಗೆ. ಸಹಿ ಹಾಕಿ ಎದ್ದು ಬರುವ ಸಭೆ ಅದಲ್ಲ. ಶಾಲೆಯ ವೇಳೆ, ರಜೆಯಲ್ಲಿರುವ ಶಿಕ್ಷಕರ ಬದಲಿ, ಕಿಟಕಿಯ ಒಡೆದ ಗಾಜು, ಅಲ್ಲಿ ಕೂತು ಕೇಳಿ. ಹೆಂಡತಿಯನ್ನೂ ಕರೆದೊಯ್ಯಿರಿ.

ಭಾಷಾವಾರು ರಾಜ್ಯಗಳು ರೂಪುಗೊಂಡ 1956ರಲ್ಲೇ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಅದು ಹೇಳುತ್ತದೆ. ಆದರೆ ವಿಧಿ ಬಂದು ಬೆಂಚಿನ ಮೇಲೆ ಕೂರುವುದಿಲ್ಲ. ಕೂರಬೇಕಾದದ್ದು ನಮ್ಮ ಮಕ್ಕಳು. ಈ ವಾರದ ರಜೆಯ ದಿನ ನಿಮ್ಮ ಶಾಲೆಯ ಮುಖ್ಯಾಧ್ಯಾಪಕರನ್ನು ಕಂಡು, ‘ಈ ತಿಂಗಳು ನಿಮಗೇನು ಬೇಕು?’ ಎಂದು ಕೇಳಿ. ಉತ್ತರವನ್ನು ಸಂಘದ ಕಚೇರಿಗೆ ತಂದು ಹೇಳಿ. ಮುಂದಿನದನ್ನು ಎಲ್ಲರೂ ಸೇರಿ ಮಾಡೋಣ.