ರಂಗಕ್ಕೆ ಊರೆಲ್ಲ, ವಾಚನಪೀಠಕ್ಕೆ ಯಾರು?



ಕನಕಪುರದಿಂದ ಸಂಗಮದ ಕಡೆಗೆ ಹೊರಟರೆ ದಾರಿಯಲ್ಲಿ ದೊಡ್ಡಆಲಹಳ್ಳಿ ಸಿಗುತ್ತದೆ. ಅದರ ನೆರೆಯ ಹಾರೋಬೆಲೆಯ ಹೆಸರನ್ನು ಕೇಳದ ಕನ್ನಡ ಕಥೋಲಿಕರು ವಿರಳ. ತಪಸ್ಸು ಕಾಲದಲ್ಲಿ ಆ ಊರಿನವರು ಆಡುವ ಯೇಸುಸ್ವಾಮಿಯ ಪಾಡಿನ ನಾಟಕಕ್ಕೆ ತಲೆಮಾರುಗಳ ಇತಿಹಾಸವಿದೆ. ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದ ಕೈಗಳು ರಾತ್ರಿ ಬಣ್ಣ ಹಚ್ಚಿಕೊಳ್ಳುತ್ತವೆ. ಒಬ್ಬ ಪೇತ್ರನಾಗುತ್ತಾನೆ, ಒಬ್ಬ ಪಿಲಾತನಾಗುತ್ತಾನೆ, ಮತ್ತೊಬ್ಬ ಚಾಟಿ ಹಿಡಿದ ಸೈನಿಕನಾಗುತ್ತಾನೆ. ಮಾತು ನಾಲಗೆಯ ಮೇಲೆ ನಿಲ್ಲುವವರೆಗೂ ತಾಲೀಮು ನಡೆಯುತ್ತದೆ. ನೋಡಲು ಬಂದ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಹಾರೋಬೆಲೆಯನ್ನು ದೂರಲು ನಾನು ಲೇಖನಿ ಹಿಡಿದಿಲ್ಲ. ಆ ಊರಿನ ಬಗ್ಗೆ ಹೆಮ್ಮೆಪಡುವವರಲ್ಲಿ ನಾನೂ ಒಬ್ಬ. ನನ್ನ ಜಗಳ ನಮ್ಮೆಲ್ಲರೊಡನೆ, ನಾಟಕ, ತೇರು, ಹಬ್ಬಗಳೆಂದರೆ ಹೆಗಲು ಕೊಟ್ಟು, ಸಾಧಾರಣ ಭಾನುವಾರದ ಬಲಿಪೂಜೆಯೆಂದರೆ ಕೈಕಟ್ಟಿ ನಿಲ್ಲುವ ಎಲ್ಲ ಧರ್ಮಕೇಂದ್ರಗಳೊಡನೆ.

ಆ ಭಾನುವಾರವನ್ನು ಒಮ್ಮೆ ನೆನಪಿಸಿಕೊಳ್ಳಿ. ಎರಡನೆಯ ಗಂಟೆಯೂ ಬಾರಿಸಿದೆ. ಗುರುಗಳು ಪೂಜಾವಸ್ತ್ರ ತೊಟ್ಟು ಬಾಗಿಲಲ್ಲಿ ಇಣುಕಿ, "ಮೊದಲನೆಯ ವಾಚನ ಯಾರದು?" ಎಂದು ಕೇಳುತ್ತಾರೆ. ಮುಂದಿನ ಸಾಲಿನವರು ಹಿಂದಿನ ಸಾಲಿನತ್ತ ತಿರುಗುತ್ತಾರೆ. ಹಿಂದಿನವರು ಕಂಬದ ಮರೆ ಸೇರುತ್ತಾರೆ. ಕೊನೆಗೆ ವರ್ಷಗಳಿಂದ ಓದುತ್ತ ಬಂದಿರುವ ನಿವೃತ್ತ ಮೇಷ್ಟರೇ ಎದ್ದು ಹೋಗಬೇಕು. ಅವರೂ ಬಾರದ ದಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಮುಂದಕ್ಕೆ ತಳ್ಳುತ್ತೇವೆ. ಹಿಂದೆಂದೂ ಕಾಣದ ಪುಟವನ್ನು ಆಕೆ ನಡುಗುತ್ತ ಓದುತ್ತಾಳೆ. ಮೆಲ್ಕಿಸದೇಕನ ಹೆಸರಿನಲ್ಲಿ ಎಡವುತ್ತಾಳೆ. ತಾಲೀಮಿಲ್ಲದೆ ಕಳುಹಿಸಿದವರು ನಾವು, ಆದರೂ ಪೂಜೆ ಮುಗಿದ ಮೇಲೆ "ಈಗಿನ ಮಕ್ಕಳಿಗೆ ಓದಲೇ ಬಾರದು" ಎನ್ನುವವರೂ ನಾವೇ.

ಗರಿಗಳ ಭಾನುವಾರದಂದಂತೂ ಇದು ವಿಪರೀತಕ್ಕೆ ಹೋಗುತ್ತದೆ. ಅಂದಿನ ಪಾಡಿನ ದೀರ್ಘ ವಾಚನವನ್ನು ಹಲವರು ಹಂಚಿಕೊಂಡು ಓದಲು ಪೂಜಾವಿಧಿಯಲ್ಲಿಯೇ ಅವಕಾಶವಿದೆ. ಸಾಧ್ಯವಾದಲ್ಲಿ ಕ್ರಿಸ್ತರ ಮಾತುಗಳನ್ನು ಗುರುಗಳು ಓದುತ್ತಾರೆ. ನಿರೂಪಕ, ಪೇತ್ರ, ಪಿಲಾತ, ಜನಸಮೂಹದ ಮಾತುಗಳನ್ನು ಶ್ರೀಸಾಮಾನ್ಯ ವಿಶ್ವಾಸಿಗಳು ಓದಬಹುದು. ಶುಭಶುಕ್ರವಾರದಂದೂ ಹಾಗೆಯೇ. ಪಾಡಿನ ನಾಟಕಕ್ಕೆ ಹೆಸರಾದ ಸೀಮೆಯ ಜನರಿಗೆ ಇದಕ್ಕಿಂತ ಸ್ವಾಭಾವಿಕವಾದ ಸೇವೆ ಇನ್ನೊಂದು ಉಂಟೇ? ಆದರೆ ಎಷ್ಟೋ ದೇವಾಲಯಗಳಲ್ಲಿ ಗುರುಗಳೊಬ್ಬರೇ ಪೇತ್ರರೂ ಆಗಿ, ಪಿಲಾತರೂ ಆಗಿ, ಕೂಗುವ ಜನರೂ ಆಗಿ, ಕೊನೆಗೆ ದನಿ ಬಿದ್ದು ಹೋಗುವುದನ್ನು ನಾವು ಮೌನವಾಗಿ ನೋಡುತ್ತೇವೆ. ರಂಗದ ಮೇಲೆ ಸಿಂಹದಂತೆ ಗರ್ಜಿಸಿದ ಪಿಲಾತ ಅಂದು ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾನೆ.

ಇದಕ್ಕೆ ಮೂಲ ನಮ್ಮ ಮಾತಿನಲ್ಲಿಯೇ ಇದೆ. ವಾಚನ ಮಾಡುವುದನ್ನು, ಪೀಠಸೇವೆಯನ್ನು, ಗಾನವೃಂದದಲ್ಲಿ ಹಾಡುವುದನ್ನು ನಾವು "ಸ್ವಾಮಿಗಳಿಗೆ ಸಹಾಯ" ಎಂದು ಕರೆಯುತ್ತೇವೆ. ಸಹಾಯವೆಂದ ಮೇಲೆ ಮನಸ್ಸಿದ್ದರೆ ಮಾಡಬಹುದು, ಇಲ್ಲದಿದ್ದರೆ ಬಿಡಬಹುದು. ಆದರೆ ಧರ್ಮಸಭೆ ಹಾಗೆ ಹೇಳಿಲ್ಲ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ, ಪೂರ್ಣವಾದ, ಅರಿವಿನಿಂದ ಕೂಡಿದ, ಸಕ್ರಿಯವಾದ ಪಾಲ್ಗೊಳ್ಳುವಿಕೆಯು ದೀಕ್ಷಾಸ್ನಾನದ ಬಲದಿಂದ ಜನರಿಗೆ ಬಂದ ಹಕ್ಕು ಮತ್ತು ಕರ್ತವ್ಯವೆಂದು ಸಾರಲಾಗಿದೆ. ವಾಚಕರು, ಪೀಠಸೇವಕರು, ಗಾಯಕರು ಮಾಡುವುದು ನಿಜವಾದ ಆರಾಧನಾ ಸೇವೆಯೆಂದು ಅದೇ ಸಂವಿಧಾನ ಹೇಳುತ್ತದೆ. ಮೊದಲನೆಯ ಹಾಗೂ ಎರಡನೆಯ ವಾಚನಗಳು ಪೂಜೆಯ ಅಧ್ಯಕ್ಷತೆ ವಹಿಸಿದ ಗುರುವಿನ ಕೆಲಸವೇ ಅಲ್ಲ, ಅವು ವಾಚಕರ ಕೆಲಸ. ಆದ್ದರಿಂದ ಓದುವವರಿಲ್ಲದೆ ಗುರುಗಳೇ ಓದಿದಾಗ, ಅವರ ಕೆಲಸಕ್ಕೆ ನಾವು ನೆರವಾಗಲಿಲ್ಲ ಎಂಬುದಲ್ಲ ವಿಷಯ. ನಮ್ಮ ಕೆಲಸವನ್ನು ಅವರ ತಲೆಗೆ ಕಟ್ಟಿದ್ದೇವೆ.

ಇಲ್ಲಿಯವರೆಗೆ ಬೆರಳು ನಮ್ಮ ಕಡೆಗಿತ್ತು. ಬೀಗದ ಇನ್ನೊಂದು ಕೀಲಿ ಯಾರ ಬಳಿ ಇದೆ ಎಂಬುದನ್ನೂ ಹೇಳಬೇಕು. ಸಾಧಾರಣ ಭಾನುವಾರ ಯಾರಿಗೂ ಬೇಡವಾದ ವಾಚನಪೀಠ, ಊರಹಬ್ಬದಂದು ಬಿಷಪರು ಬರುತ್ತಾರೆಂದ ಕೂಡಲೇ ಎಲ್ಲರಿಗೂ ಬೇಕಾಗುತ್ತದೆ. ಆಗ ಪಟ್ಟಿ ಸಿದ್ಧವಾಗುವುದು ದೊಡ್ಡ ಮನೆತನ, ದೊಡ್ಡ ಕಾಣಿಕೆ, ಪಾಲನಾ ಸಮಿತಿಯ ನೆಂಟಸ್ತಿಕೆಗಳ ಮೇಲೆ. ವರ್ಷವಿಡೀ ಓದಿದ ಮೇಷ್ಟರಿಗೆ ಅಂದು ಕುರ್ಚಿ ಸರಿಸುವ ಕೆಲಸ! ಕೂಲಿಗೆ ಹೋಗುವ ಮನೆಯ ಹೆಣ್ಣುಮಗಳು ಎಷ್ಟೇ ಚೆನ್ನಾಗಿ ಓದಬಲ್ಲವಳಾದರೂ ಅವಳನ್ನು ಕರೆದು ಕೇಳಿದವರಿಲ್ಲ. ಹೂ ಕಟ್ಟಲು, ನೆಲ ಸಾರಿಸಲು, ಪೀಠವಸ್ತ್ರ ಒಗೆಯಲು ಮಾತ್ರ ಹೆಂಗಸರ ನೆನಪು ತಪ್ಪದೆ ಬರುತ್ತದೆ. 1972ರಲ್ಲಿ ಪೋಪ್ ಆರನೆಯ ಪೌಲರು ವಾಚಕ ಮತ್ತು ಪೀಠಸೇವಕ ಸ್ಥಾನಗಳನ್ನು ಗುರುದೀಕ್ಷೆಯ ಮೆಟ್ಟಿಲುಗಳೆಂಬ ಕಟ್ಟಿನಿಂದ ಬಿಡಿಸಿ ಶ್ರೀಸಾಮಾನ್ಯರಿಗೆ ತೆರೆದರು. ಆದರೆ ವಿಧಿವತ್ತಾದ ನೇಮಕ ಗಂಡಸರಿಗೆ ಮಾತ್ರ ಎಂದಿತ್ತು. ಪೋಪ್ ಫ್ರಾನ್ಸಿಸರು 2021ರ ಜನವರಿಯಲ್ಲಿ ಆ ತಡೆಯನ್ನೂ ತೆಗೆದರು. ರೋಮಾಪುರಿಯಲ್ಲಿ ತೆರೆದ ಬಾಗಿಲನ್ನು ನಮ್ಮ ಹಳ್ಳಿಯ ಸಮಿತಿಯೊಂದು ಮುಚ್ಚಿಡಬಹುದೇ?

ಇನ್ನು ಪರಮ ಪ್ರಸಾದದ ಮಾತು. ಅಗತ್ಯವಿರುವೆಡೆ ಶ್ರೀಸಾಮಾನ್ಯರು ಅದನ್ನು ನೀಡಲು 1973ರಲ್ಲಿಯೇ ಅನುಮತಿ ದೊರೆತಿದೆ. ಇದು ವಿಶೇಷ ಸೇವೆ. ಧರ್ಮಾಧ್ಯಕ್ಷರ ಅನುಮತಿಯೂ ಶಿಕ್ಷಣವೂ ಇದಕ್ಕೆ ಬೇಕು. ಗಣ್ಯರಿಗೆ ಹೊದಿಸುವ ಶಾಲಿನಂತೆ ಇದನ್ನು ಕೊಡುವುದು ತಪ್ಪು. ಈ ಸೇವೆಯ ನಿಜವಾದ ಅಗತ್ಯ ದೇವಾಲಯದ ನಡುಸಾಲಿಗಿಂತ ಹೆಚ್ಚಾಗಿ ನಿಮ್ಮ ಬೀದಿಯಲ್ಲಿದೆ. ಸೊಂಟ ಮುರಿದು ಹಾಸಿಗೆ ಹಿಡಿದ ಅಜ್ಜಿ ಅಲ್ಲಿದ್ದಾಳೆ. ಚಿಕ್ಕಂದಿನಿಂದ ಒಂದು ಭಾನುವಾರವನ್ನೂ ತಪ್ಪಿಸಿಕೊಳ್ಳದವಳು ಈಗ ಗಂಟೆಯ ಸದ್ದನ್ನು ಮಾತ್ರ ಕೇಳುತ್ತಾಳೆ. ನಾಲ್ಕಾರು ಉಪಕೇಂದ್ರಗಳನ್ನು ಸುತ್ತುವ ಗುರುಗಳು ತಿಂಗಳಿಗೊಮ್ಮೆ ಬಂದರೆ ಅದೇ ಹೆಚ್ಚು. ತನ್ನ ಊರಿನ ಪೂಜೆಯಿಂದ, ತನ್ನ ಊರಿನವರ ಕೈಯಲ್ಲಿ, ಅದೇ ಭಾನುವಾರ ತನ್ನ ಹಾಸಿಗೆಗೆ ಪ್ರಭುವು ಬಂದರೆ ಆಕೆಗೆ ಹೇಗಾದೀತು? ಆ ಕೆಲಸಕ್ಕೆ ತಯಾರಾಗಿ ನಿಂತವರು ನಮ್ಮಲ್ಲಿ ಎಷ್ಟು ಮಂದಿ? "ಸ್ವಾಮಿಗಳೇ ಬರಬೇಕು, ಇವನ ಕೈಯಿಂದ ಬೇಡ" ಎಂದು ಮುಖ ತಿರುಗಿಸುವ ಮನೆಗಳೂ ಇವೆ. ಆ ಮಾತಿನ ಹಿಂದೆ ಭಕ್ತಿ ಎಷ್ಟು, ಜಾತಿ ಎಷ್ಟು ಎಂದು ಅವರೇ ತಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಲಿ.

2019ರ ಕ್ರಿಸ್ಮಸ್ ದಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. ಮರುವರ್ಷದ ಜನವರಿಯಲ್ಲಿ ವಿರೋಧದ ಮೆರವಣಿಗೆಯೂ ನಡೆಯಿತು. ರಾಜ್ಯವೆಲ್ಲ ಈ ಸೀಮೆಯ ಕ್ರೈಸ್ತರ ಕಡೆಗೆ ನೋಡಿತು. ಪರ ವಿರೋಧಗಳ ಚರ್ಚೆ ಇಲ್ಲಿ ಬೇಡ. ಆದರೆ ಆ ದಿನಗಳಲ್ಲಿ ಪ್ರತಿಮೆಗಾಗಿ ಜಗಲಿಯಲ್ಲಿ ಕುಳಿತು ತಾಸುಗಟ್ಟಲೆ ವಾದಿಸಿದ ನಾವು, ಅದೇ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಗಾಗಿ ನಾಲ್ಕು ಸಾಲು ಬರೆದುಕೊಂಡು ಹೋದೆವೇ?

"ಪುರುಸೊತ್ತಿಲ್ಲ" ಎನ್ನುತ್ತೀರಿ. ಒಪ್ಪಿದೆ. ನಾಲ್ಕನೆಯ ಜ್ವರ ಎದ್ದ ಹುಳು ಸೊಪ್ಪಿಗೆ ಕಾಯುವುದಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ಭಾನುವಾರವೇ ಬಂದರೆ ಮನೆ ಬಿಟ್ಟು ಕದಲಲಾಗದು. ಅದಕ್ಕಾಗಿಯೇ ಸರದಿ ಬೇಕು. ಒಬ್ಬ ಮೇಷ್ಟರ ಬದಲು ಹನ್ನೆರಡು ಮಂದಿ ವಾಚಕರಿದ್ದರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ನಾಲ್ಕೈದು ಭಾನುವಾರ ಬಂದೀತು. "ನಾನು ಯೋಗ್ಯನಲ್ಲ" ಎನ್ನುವವರೂ ಇದ್ದಾರೆ. ಮೂರು ಸಲ ಪ್ರಭುವನ್ನು ಅರಿಯೆನೆಂದವನ ಪಾತ್ರಕ್ಕೆ ಪೈಪೋಟಿ ನಡೆಸುವ ನಾವು ಯೋಗ್ಯತೆಯ ಮಾತನ್ನು ವಾಚನಪೀಠದ ಬಳಿ ಮಾತ್ರ ನೆನೆಯುವುದು ವಿಚಿತ್ರ.

ಬೆಂಗಳೂರಿನ ಕೆಲಸದಿಂದ ಶನಿವಾರ ರಾತ್ರಿಯ ಬಸ್ಸಿಗೆ ಊರಿಗೆ ಬರುವ ಯುವಕ ಯುವತಿಯರೇ, ಗುರುಗಳನ್ನು ಹೋಗಿ ಕೇಳಿ. ಪಟ್ಟಿ ಸಮಿತಿಯವರ ಜೇಬಿನಲ್ಲಿದ್ದರೆ ಅದನ್ನು ದೇವಾಲಯದ ಬಾಗಿಲಿಗೆ ಅಂಟಿಸುವಂತೆ ಹೇಳಿ. ನಾಟಕ ಕಲಿಸುವ ಹಿರಿಯರೇ, ದನಿಯನ್ನು ಹೇಗೆ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಪದವನ್ನು ಒತ್ತಬೇಕು ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೂ ತಿಳಿದಿಲ್ಲ. ನಡುಗುತ್ತ ಓದಿದ ಆ ಹುಡುಗಿಯನ್ನು ವಾರದಲ್ಲಿ ಒಂದು ಸಂಜೆ ಕರೆಸಿ ಕೂರಿಸಿಕೊಳ್ಳಿ. ಉಳಿದ ಮನೆಯವರಿಗೆ ಒಂದೇ ಪ್ರಶ್ನೆ: ಬರುವ ಭಾನುವಾರದ ಮೊದಲನೆಯ ವಾಚನ ಬೈಬಲಿನ ಯಾವ ಗ್ರಂಥದಿಂದ ಎಂದು ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮಲ್ಲಿ ಯಾರು ಹೇಳಬಲ್ಲಿರಿ?