ಸುಟ್ಟಗಾಯದ ದಾದಿಗೆ ಸರ್ಟಿಫಿಕೇಟು: ಬೇಕು, ಆದರೆ ಯಾರ ಖರ್ಚಿನಲ್ಲಿ?

ಎರಡು ವರ್ಷಗಳ ಕೆಳಗೆ ನಮ್ಮ ಪೇಟೆಯ ಮಿರ್ಚಿ-ಮಂಡಕ್ಕಿ ಅಂಗಡಿಯ ಗೆಳೆಯರೊಬ್ಬರ ಮೈಮೇಲೆ ಕಾದ ಎಣ್ಣೆಯ ಬಾಣಲೆ ಮಗುಚಿಬಿತ್ತು. ಕುತ್ತಿಗೆ, ಎದೆ, ಹೊಟ್ಟೆಯ ಒಂದು ಪಾಲು, ಬಲಗೈ ಪೂರ್ತಿ ಬೆಂದುಹೋದವು. ನೆರೆಯಂಗಡಿಯವರು ಓಡಿಬಂದು ಒಬ್ಬರು ಟೂತ್‌ಪೇಸ್ಟು ಬಳಿದರು, ಇನ್ನೊಬ್ಬರು ಇಂಕು ಸುರಿದರು. ನೀರು ಹೊಯ್ದರೆ ಬೊಕ್ಕೆ ಏಳುತ್ತವೆಂದು ಹಿರಿಯರೊಬ್ಬರು ತಡೆದರಂತೆ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದಕ್ಕಿಂತ ಒಳ್ಳೆಯ ಮೊದಲ ಉಪಚಾರ ಸುಟ್ಟಗಾಯಕ್ಕೆ ಬೇರೊಂದಿಲ್ಲವೆಂಬುದು ಆ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸತ್ಯ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು, ಹಾಸಿಗೆ ಸಿಗುವಾಗ ಮೂರು ಗಂಟೆ ಕಳೆದಿತ್ತು. ಆ ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬದಲಿಸಿದರೆ ಕಥೆ ಬದಲಾಗುವುದಿಲ್ಲವೆಂಬುದನ್ನು ಓದುಗರು ತಾವೇ ಬಲ್ಲರು.

ಆ ವಾರ್ಡಿನಲ್ಲಿ ನಡುವಯಸ್ಸಿನ ದಾದಿಯೊಬ್ಬರಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ, "ಎಣ್ಣೆ ಬಿದ್ದದ್ದು ಎಷ್ಟು ಗಂಟೆಗೆ?" ಎಂಬುದು. ಪ್ರಾಣ ಹೋಗುತ್ತಿರುವಾಗ ಗಡಿಯಾರದ ವಿಚಾರವೇಕೆಂದು ನಮಗೆ ಸಿಟ್ಟು ಬಂದಿತ್ತು. ಆಮೇಲೆ ಅವರೇ ತಿಳಿಸಿ ಹೇಳಿದರು. ಬೆಂದ ಮೈಯಿಂದ ರಕ್ತದೊಳಗಿನ ನೀರು ಸೋರಿಹೋಗುತ್ತದೆ. ಅದನ್ನು ತುಂಬಿಕೊಡದಿದ್ದರೆ ಮೊದಲ ದಿನವೇ ಮೂತ್ರಪಿಂಡ ಕೆಡುತ್ತದೆ, ಮನುಷ್ಯ ಸಾಯುತ್ತಾನೆ. ಎಷ್ಟು ತುಂಬಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ದೊಡ್ಡವರಲ್ಲಿ ತಲೆಗೆ ಒಂಬತ್ತು, ಒಂದೊಂದು ತೋಳಿಗೆ ಒಂಬತ್ತು, ಎದೆ-ಹೊಟ್ಟೆಗೆ ಹದಿನೆಂಟು, ಬೆನ್ನಿಗೆ ಹದಿನೆಂಟು, ಒಂದೊಂದು ಕಾಲಿಗೆ ಹದಿನೆಂಟು, ಉಳಿದ ಒಂದು ಗುಹ್ಯಭಾಗಕ್ಕೆ ಎಂದು ಮೈಯನ್ನು ನೂರು ಪಾಲು ಮಾಡಿಕೊಂಡು, ಸುಟ್ಟದ್ದು ಎಷ್ಟು ಪಾಲೆಂದು ಎಣಿಸುತ್ತಾರೆ. ನಮ್ಮ ಗೆಳೆಯರದು ಸುಮಾರು ಇಪ್ಪತ್ತೈದು ಪಾಲು, ತೂಕ 60 ಕಿಲೊ. ಕಿಲೊ ಒಂದಕ್ಕೆ, ಪಾಲು ಒಂದಕ್ಕೆ 4 ಮಿಲಿಲೀಟರಿನಂತೆ ಗುಣಿಸಿದರೆ 6000. ಅಂದರೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಆರು ಲೀಟರು. ಅದರಲ್ಲಿ ಅರ್ಧ ಮೊದಲ ಎಂಟು ಗಂಟೆಯಲ್ಲಿ ಹೋಗತಕ್ಕದ್ದು. ಆ ಎಂಟು ಗಂಟೆ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಲ್ಲ, ಬಾಣಲೆ ಮಗುಚಿದ ಕ್ಷಣದಲ್ಲಿ. ಮೂರು ಗಂಟೆ ನಾವು ಬೀದಿಯಲ್ಲಿ ಕಳೆದಿದ್ದೆವು, ಉಳಿದದ್ದು ಐದು. ಗಡಿಯಾರ ಕೇಳಿದ್ದು ಇದಕ್ಕೆ.

ಲೆಕ್ಕ ಬರೆದುಕೊಡುವವರು ಡಾಕ್ಟರು. ಅವರು ಮುಂದಿನ ರೋಗಿಯ ಕಡೆಗೆ ಹೋಗುತ್ತಾರೆ. ರಾತ್ರಿಯಿಡೀ ಗಂಟೆಗೊಮ್ಮೆ ಮೂತ್ರ ಅಳೆದು, 60 ಕಿಲೊ ಮನುಷ್ಯನಿಗೆ ಗಂಟೆಗೆ 30 ಮಿಲಿಲೀಟರಾದರೂ ಬರುತ್ತಿದೆಯೇ ಎಂದು ನೋಡಿ, ಕಡಮೆಯಾದರೆ ಡಾಕ್ಟರನ್ನು ಎಬ್ಬಿಸಿ ಡ್ರಿಪ್ಪನ್ನು ಏರಿಸುವವರು, ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬೀತೆಂದು ಇಳಿಸುವವರು ದಾದಿ. ಲೆಕ್ಕ ಕಾಗದದ ಮೇಲಿರುತ್ತದೆ, ಜೀವ ಅವರ ಕೈಯಲ್ಲಿರುತ್ತದೆ.

ಇನ್ನೊಂದು ಸಂಗತಿ. ಎರಡನೆಯ ದಿನ ಗೆಳೆಯರ ಹೆಂಡತಿ ಗಂಡನ ತಲೆಯ ಕೆಳಗೆ ಮನೆಯಿಂದ ತಂದ ದಿಂಬು ಇಟ್ಟರು. ದಾದಿ ಬಂದವರೇ ದಿಂಬು ಎಳೆದುಹಾಕಿದರು. ಮಾತಿಗೆ ಮಾತು ಬೆಳೆಯಿತು. "ತಾಯಿ, ಈಗ ತಲೆ ಎತ್ತಿಟ್ಟರೆ ಆಮೇಲೆ ಇವರು ಜನ್ಮದಲ್ಲಿ ತಲೆ ಎತ್ತಲಾರರು" ಎಂದು ದಾದಿ ಹೇಳಿದ್ದು ಆಗ ಆಕೆಗೆ ಶಾಪದಂತೆ ಕೇಳಿತು. ಕುತ್ತಿಗೆ ಬೆಂದವನ ಚರ್ಮ ಮಾಯುವಾಗ ಹೆದೆಯೇರಿಸಿದ ಬಿಲ್ಲಿನಂತೆ ಬಿಗಿದು, ಗಲ್ಲವನ್ನು ಎದೆಯ ಕಡೆಗೆ ಎಳೆಯುತ್ತದೆ. ಅದಕ್ಕೇ ದಿಂಬು ಕೂಡದು. ಕತ್ತು ಹಿಂದಕ್ಕೆ ಚಾಚಿರಬೇಕು, ತೋಳು ಮೈಯಿಂದ ದೂರ ಇರಬೇಕು, ಬೆರಳುಗಳಿಗೆ ಆಧಾರ ಕಟ್ಟಿರಬೇಕು. ರೋಗಿಗೆ ಸುಖವೆನಿಸುವ ಭಂಗಿಯೇ ಅವನನ್ನು ಊನಮಾಡುವ ಭಂಗಿ.

ಒಂಬತ್ತನೆಯ ದಿನ ಆ ದಾದಿಯನ್ನು ಹೆರಿಗೆ ವಾರ್ಡಿಗೆ ಹಾಕಿದರು. ಪಾಳಿಯ ಪಟ್ಟಿಯಲ್ಲಿ ಅವರ ಹೆಸರು ಅಲ್ಲಿಗೆ ಬಿದ್ದಿತ್ತು, ಅಷ್ಟೇ. ಅವರ ಜಾಗಕ್ಕೆ ಬಂದದ್ದು ಗುತ್ತಿಗೆಯ ಮೇಲೆ ಸೇರಿ ಆರು ತಿಂಗಳಾಗದ ಹುಡುಗಿ, ಒಳ್ಳೆಯ ಮನಸ್ಸಿನವಳು. ರೋಗಿ ಬೇಡಿಕೊಂಡನೆಂದು ದಿಂಬು ಕೊಟ್ಟಳು. ನಾವು ಆ ಹುಡುಗಿಯನ್ನು ದೂರುವುದಿಲ್ಲ. ಅವಳಿಗೆ ಇದನ್ನು ಯಾರು ಕಲಿಸಿದ್ದರು? ನಮ್ಮ ಗೆಳೆಯರು ಬದುಕಿದರು. ಆದರೆ ಗಲ್ಲ ಕೆಳಗೆ ಎಳೆದುಕೊಂಡಿದೆ. ಗಿರಾಕಿಯ ಮುಖ ನೋಡಬೇಕಾದರೆ ಸೊಂಟದಿಂದ ಮೇಲೆ ಇಡೀ ಮೈಯನ್ನು ಹಿಂದಕ್ಕೆ ವಾಲಿಸಬೇಕು. ಬೆಂಗಳೂರಿನಲ್ಲಿ ಒಂದು ಆಪರೇಷನ್ ಆಯಿತು, ಇನ್ನೊಂದು ಆಗಬೇಕಂತೆ. ಅಂಗಡಿ ಈಗ ಭಾಮೈದುನನ ಕೈಯಲ್ಲಿದೆ.

ಈ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಸುಟ್ಟಗಾಯದ ಶುಶ್ರೂಷೆಗೆ ಬೇರೆ ತರಬೇತು, ಬೇರೆ ಸರ್ಟಿಫಿಕೇಟು ಬೇಕೆಂದರೆ, "ದಾದಿ ದಾದಿಯೇ, ಯಾವ ವಾರ್ಡಾದರೇನು" ಎನ್ನುವವರು ಅಧಿಕಾರಸ್ಥಾನದಲ್ಲಿದ್ದಾರೆ. ಮಗ್ಗದವನನ್ನು ಬಾಯ್ಲರಿಗೆ ನಿಲ್ಲಿಸುವ ಮಿಲ್ಲಿನ ಮ್ಯಾನೇಜರನ್ನು ನಮ್ಮ ಓದುಗರು ಏನೆಂದು ಕರೆಯುತ್ತಾರೋ ಅದನ್ನೇ ಈ ಮಹಾಶಯರಿಗೂ ಅನ್ವಯಿಸಬಹುದು. ಬಾಯ್ಲರು ನಡೆಸುವವನಿಗೆ ಸರ್ಟಿಫಿಕೇಟು ಬೇಕೆಂದು ಈ ದೇಶದಲ್ಲಿ ಕಾನೂನಿದೆ. ಆ ಬಾಯ್ಲರಿನ ಹಬೆಯಲ್ಲಿ ಬೆಂದವನನ್ನು ನೋಡಿಕೊಳ್ಳುವವಳಿಗೆ ಬೇಡವೇ?

ಅಮೆರಿಕದಲ್ಲಿ 2023ರಲ್ಲಿ ಸುಟ್ಟಗಾಯದ ದಾದಿಯರಿಗೆಂದೇ ಒಂದು ಪ್ರತ್ಯೇಕ ಅರ್ಹತಾ ಪರೀಕ್ಷೆ ಆರಂಭವಾಯಿತು. ತುರ್ತುಚಿಕಿತ್ಸೆಯ ದಾದಿಯರಿಗೆ ಪರೀಕ್ಷೆ ನಡೆಸುತ್ತಿದ್ದ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ನೋಂದಾಯಿತ ದಾದಿ ಇಚ್ಛೆಯಿದ್ದರೆ ಕೂರಬಹುದು. ತೇರ್ಗಡೆಯಾದರೆ ನಾಲ್ಕು ವರ್ಷದವರೆಗೆ ಅರ್ಹತೆ, ಆಮೇಲೆ ನವೀಕರಿಸಿಕೊಳ್ಳಬೇಕು. 1942ರಲ್ಲಿ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿನೋದಗೃಹದಲ್ಲಿ ಬೆಂಕಿ ಬಿದ್ದು 492 ಜನ ಸತ್ತಾಗಲೇ ಸುಟ್ಟಗಾಯದ ಚಿಕಿತ್ಸೆ ಅಲ್ಲಿ ಪ್ರತ್ಯೇಕ ವಿದ್ಯೆಯಾಗಿ ಬೆಳೆಯಿತು. ಆದರೂ ದಾದಿಯ ವಿದ್ಯೆಗೆ ಇಂಥ ಮುದ್ರೆ ಒತ್ತಲು ಅವರಿಗೂ ಎಂಬತ್ತು ವರ್ಷ ಹಿಡಿಯಿತೆಂಬುದನ್ನು ಗಮನಿಸಬೇಕು.

ನಮ್ಮಲ್ಲಿ ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಭಾರತೀಯ ಶುಶ್ರೂಷಾ ಪರಿಷತ್ತು ಸುಟ್ಟಗಾಯದ ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾಕ್ಕೆ ಪಠ್ಯಕ್ರಮ ರಚಿಸಿದೆ. ದಾದಿಯಾಗಿ ನೋಂದಾಯಿಸಿಕೊಂಡು ವಾರ್ಡಿನಲ್ಲಿ ದುಡಿದ ಅನುಭವ ಉಳ್ಳವರು ಸೇರಬಹುದು. ಪಠ್ಯಕ್ರಮ ಪುಸ್ತಕದಲ್ಲಿ ಚೆನ್ನಾಗಿಯೇ ಇದೆ. ಆದರೆ ಒಂದು ವರ್ಷ ಕೆಲಸ ಬಿಟ್ಟು, ಫೀಜು ಕಟ್ಟಿ, ಪರವೂರಿನಲ್ಲಿದ್ದು ಓದಿ ಬಂದ ದಾದಿಗೆ ಮರಳಿ ಸಿಗುವುದೇನು? ಅದೇ ಸಂಬಳ, ಅದೇ ಪಾಳಿ, ಒಂಬತ್ತನೆಯ ದಿನ ಅದೇ ಹೆರಿಗೆ ವಾರ್ಡು. ಗುತ್ತಿಗೆಯವಳಾದರೆ ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ. ಖಾಸಗಿಯವರ ಮಾತಂತೂ ಬೇಡ. ಸುಪ್ರೀಂ ಕೋರ್ಟಿನ ಅಪ್ಪಣೆಯಂತೆ 2016ರಲ್ಲಿ ನೇಮಕವಾದ ಸಮಿತಿ, ಐವತ್ತಕ್ಕಿಂತ ಕಡಮೆ ಹಾಸಿಗೆಯ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಮೆ ಕೊಡಕೂಡದೆಂದು ಹೇಳಿತು. ನಮ್ಮ ಊರಿನ ನರ್ಸಿಂಗ್ ಹೋಮುಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ತಂದೆತಾಯಿಯರು ನಮ್ಮ ಓದುಗರಲ್ಲೇ ಇದ್ದಾರೆ. ಎಷ್ಟು ಕೈಗೆ ಬರುತ್ತಿದೆಯೆಂದು ಅವರನ್ನೇ ಕೇಳಬಹುದು.

ಹೀಗಿರುವಾಗ ಬರೀ "ಸರ್ಟಿಫಿಕೇಟು ಕಡ್ಡಾಯ" ಎಂದು ಆಜ್ಞೆ ಹೊರಟರೆ ಏನಾದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ನಾಲ್ಕು ಖಾಸಗಿ ಕಾಲೇಜುಗಳು ಬೋರ್ಡು ತಗಲಿಸುತ್ತವೆ. ಸುಟ್ಟಗಾಯದ ರೋಗಿಯನ್ನೇ ನೋಡದೆ ಸರ್ಟಿಫಿಕೇಟು ಮಾರಾಟವಾಗುತ್ತದೆ. ಸಾಲ ಮಾಡಿ ಕೊಂಡವಳು ಅದನ್ನು ಹಿಡಿದು ಗಲ್ಫಿಗೋ ಇಂಗ್ಲೆಂಡಿಗೋ ಹೋಗುತ್ತಾಳೆ. ಹೋಗುವವಳನ್ನು ನಾವು ಬೈಯಲಾರೆವು. ಇಪ್ಪತ್ತು ವರ್ಷ ಬೆಂದ ಮೈಗಳ ನಡುವೆ ದುಡಿದ, ನಮ್ಮ ಗೆಳೆಯರ ದಿಂಬು ಎಳೆದ ಆ ದಾದಿ ಮಾತ್ರ ಕಾಗದವಿಲ್ಲದ ಕಾರಣ ಅನರ್ಹಳೆನಿಸಿಕೊಳ್ಳುತ್ತಾಳೆ. ನಮ್ಮ ಸಂಗಾತಿಗಳಲ್ಲೇ ಕೆಲವರು ಇದೇ ಕಾರಣಕ್ಕೆ ಸರ್ಟಿಫಿಕೇಟಿನ ಮಾತೇ ಬೇಡವೆನ್ನುತ್ತಾರೆ. ನಾವು ಒಪ್ಪುವುದಿಲ್ಲ. ಕುಶಲ ಕೆಲಸಗಾರನಿಗೆ ದರ್ಜೆ ಬೇಡವೆಂದು ಯಾವ ಕಾರ್ಮಿಕ ಸಂಘವೂ ಎಂದೂ ಹೇಳಿಲ್ಲ. ದರ್ಜೆಗೆ ತಕ್ಕ ಕೂಲಿ ಕೊಡಿರೆಂದು ಹೇಳಿದೆ. ದರ್ಜೆಯಿಲ್ಲದ ಕಡೆ ಯಾರನ್ನು ಎಲ್ಲಿಗೆ ಬೇಕಾದರೂ ಎಸೆಯಬಹುದು, ಒಂಬತ್ತನೆಯ ದಿನ ಆದದ್ದೂ ಅದೇ.

ಇದು ಎಷ್ಟು ಜನರ ಪ್ರಶ್ನೆ? ಕೇಂದ್ರ ಸರ್ಕಾರ ಸುಟ್ಟಗಾಯಗಳ ಬಗ್ಗೆ ತಾನೇ ಹಾಕಿಕೊಂಡ ರಾಷ್ಟ್ರೀಯ ಕಾರ್ಯಕ್ರಮದ ಕಾಗದಗಳಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನ ಸುಟ್ಟುಕೊಳ್ಳುತ್ತಾರೆಂದೂ, 1.4 ಲಕ್ಷ ಜನ ಸಾಯುತ್ತಾರೆಂದೂ, 2.4 ಲಕ್ಷ ಜನ ಊನರಾಗುತ್ತಾರೆಂದೂ ಅಂದಾಜು ಬರೆದುಕೊಂಡಿದೆ. ಸುಟ್ಟುಕೊಳ್ಳುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಮಂಡಕ್ಕಿ ಭಟ್ಟಿಯವನು, ಬೆಲ್ಲದ ಗಾಣದವನು, ಹೋಟೆಲಿನ ಅಡುಗೆಯವನು, ಅಕ್ಕಿ ಗಿರಣಿಯ ಬಾಯ್ಲರಿನವನು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಬೆಂದುಹೋದವರು ಹಬ್ಬದ ನಾಲ್ಕು ಕಾಸಿಗೆಂದು ತಮಿಳುನಾಡಿನಿಂದ ಬಂದ ಹುಡುಗರು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹತ್ತಿ ಉರಿದಾಗ 90ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು.

ಮತ್ತು ಹೆಂಗಸರು. ವಾರ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು "ಸ್ಟೌ ಸಿಡಿಯಿತು" ಎಂಬುದೇ. ಅತ್ತೆ ತಲೆದೆಸೆಯಲ್ಲಿ ನಿಂತಿರುವಾಗ ಆ ಹೆಣ್ಣು ಬೇರೆ ಏನು ಹೇಳಿಯಾಳು? ರಾತ್ರಿ ಎರಡು ಗಂಟೆಗೆ ಪಟ್ಟಿ ಬದಲಿಸುವಾಗ, ಹತ್ತಿರ ಯಾರೂ ಇಲ್ಲದಾಗ, ಆಕೆ ನಿಜ ಹೇಳುವುದು ದಾದಿಗೆ. ಸಾಯುವವಳ ಹೇಳಿಕೆಗೆ ನ್ಯಾಯಾಲಯದಲ್ಲಿ ಬೆಲೆಯಿದೆ. ಕೂಡಲೇ ಡಾಕ್ಟರಿಗೆ ತಿಳಿಸಬೇಕು, ಮ್ಯಾಜಿಸ್ಟ್ರೇಟರನ್ನು ಕರೆಸಬೇಕು, ಮನೆಯವರನ್ನು ಹೊರಗಿಡಬೇಕು, ಕೇಳಿದ ಮಾತನ್ನು ಕೇಳಿದ ಹಾಗೆಯೇ ಬರೆದಿಡಬೇಕು. ಇದನ್ನು ಯಾರೂ ಕಲಿಸದ ಹುಡುಗಿ ಹೆದರಿ ಸುಮ್ಮನಾಗುತ್ತಾಳೆ. ಬೆಳಗಾಗುವಾಗ ಸತ್ಯ ಆಕೆಯೊಡನೆ ಹೋಗಿರುತ್ತದೆ.

ಆದುದರಿಂದ ನಮ್ಮ ಒತ್ತಾಯ ಹೀಗಿದೆ. ತರಬೇತು ಸರ್ಕಾರದ ಖರ್ಚಿನಲ್ಲಿ, ಪೂರ್ತಿ ಸಂಬಳದ ರಜೆಯ ಮೇಲೆ ಆಗಬೇಕು. ನಿಜವಾದ ಸುಟ್ಟಗಾಯದ ವಾರ್ಡಿನಲ್ಲಿ, ಉದಾಹರಣೆಗೆ ಬೆಂಗಳೂರಿನ ವಿಕ್ಟೋರಿಯ ಆಸ್ಪತ್ರೆಯ ಮಹಾಬೋಧಿ ಕೇಂದ್ರದಂಥ ಕಡೆ, ಆಗಬೇಕು. ಈಗಾಗಲೇ ವರ್ಷಗಟ್ಟಲೆ ದುಡಿದವರಿಗೆ ಮತ್ತೆ ಒಂದು ವರ್ಷದ ಪಾಠ ಬೇಡ. ವಾರ್ಡಿನಲ್ಲೇ ಅವರ ಕೈಕೆಲಸ ಪರೀಕ್ಷಿಸಿ ಅರ್ಹತೆ ಕೊಡಲಿ. ಅರ್ಹತೆ ಪಡೆದವರಿಗೆ ವಿಶೇಷ ಭತ್ಯೆ ಇರಲಿ, ಅವರ ಒಪ್ಪಿಗೆಯಿಲ್ಲದೆ ಆ ವಾರ್ಡಿನಿಂದ ಎತ್ತಕೂಡದು. ಬೆಂದವರ ನರಳಾಟದ ನಡುವೆ ವರ್ಷವಿಡೀ ಇರುವುದು ಸಾಮಾನ್ಯದ ಮಾತಲ್ಲ, ಆಗಾಗ ಬಿಡುವೂ ಬೇಕು. ಆದರೆ ಅದು ಕೇಳಿದಾಗ ಸಿಗಬೇಕಾದ ಬಿಡುವು, ಪಟ್ಟಿಯ ಎತ್ತಂಗಡಿಯಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ರತಿ ಪಾಳಿಯಲ್ಲೂ ಇಂಥ ಒಬ್ಬ ದಾದಿಯಾದರೂ ಕಾಯಂ ಹುದ್ದೆಯಲ್ಲಿರಬೇಕು. ಇ.ಎಸ್.ಐ. ಆಸ್ಪತ್ರೆಗಳಿಗಂತೂ ಇದು ಮೊದಲು ಅನ್ವಯಿಸಬೇಕು. ಅಲ್ಲಿ ವಂತಿಗೆ ಹೋಗುತ್ತಿರುವುದು ನಮ್ಮ ಸಂಬಳದಿಂದ.

ಈ ಅಂಶಗಳನ್ನೊಳಗೊಂಡ ಅರ್ಜಿಯೊಂದನ್ನು ಜಿಲ್ಲಾಧಿಕಾರಿಗಳಿಗೂ ಆರೋಗ್ಯ ಮಂತ್ರಿಗಳಿಗೂ ಕಳಿಸಲು ಸಿದ್ಧಪಡಿಸಿದ್ದೇವೆ. ಭಾನುವಾರ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಅದು ಪಕ್ಷದ ಕಚೇರಿಯಲ್ಲಿರುತ್ತದೆ. ಮೊದಲ ಸಹಿಯನ್ನು ನಮ್ಮ ಮಿರ್ಚಿ ಅಂಗಡಿಯ ಗೆಳೆಯರು ಎಡಗೈಯಲ್ಲಿ ಹಾಕಿದ್ದಾರೆ. ಎರಡನೆಯ ಸಹಿ ಆ ದಾದಿಯವರದು.